ಅಂಜಿನಮ್ಮನ ಇದ್ದಿಲು, ವೀರಣ್ಣನವರ ಮುಚ್ಚಳಿಕೆ

ಕಗ್ಗದಾಸಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗಿಂತ ಅಂಜಿನಮ್ಮನ ಇಸ್ತ್ರಿ ಗಾಡಿಗೆ ವಯಸ್ಸು ಹೆಚ್ಚು. ಇಲ್ಲಿ ಸೊಪ್ಪಿನ ತೋಟಗಳಿದ್ದಾಗಲೇ ಆಕೆ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದವಳು. ಹಿತ್ತಾಳೆ ಪೆಟ್ಟಿಗೆಗೆ ಇದ್ದಿಲು ತುಂಬಿ ಕೆಂಡ ಮಾಡಿ, ಒದ್ದೆ ಬೆರಳನ್ನು ತಳಕ್ಕೆ ತಾಗಿಸುತ್ತಾಳೆ. ‘ಚುಂಯ್’ ಅನ್ನುವ ಸದ್ದು ಕೇಳಿಯೇ ಇದು ರೇಷ್ಮೆಗೆ, ಇದು ಖಾದಿಗೆ ಎಂದುಬಿಡುತ್ತಾಳೆ.

ನಮ್ಮ ಸಂಘದ ಅಧ್ಯಕ್ಷರು ವೀರಣ್ಣ. ಅಣುವಿದ್ಯುತ್ ಸ್ಥಾವರವೊಂದರಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದು ನಿವೃತ್ತರಾದವರು. ಕಲ್ಲಿದ್ದಲಿನ ಹೆಸರೆತ್ತಿದರೆ ಅವರಿಗೆ ಮೈಯೆಲ್ಲ ಉರಿ. ಹಿಡಿಯಷ್ಟು ಯುರೇನಿಯಂ ಇದ್ದರೆ ಊರಿಗೆಲ್ಲ ಬೆಳಕು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಪಾಠ ಮಾಡುತ್ತಾರೆ. ನಾನು ಏಳನೇ ಮಹಡಿಯವನು, ಪೂರ್ತಿ ಕೇಳಲೇಬೇಕು.

ಕಳೆದ ತಿಂಗಳ ಸಭೆಯಲ್ಲಿ ಅವರು ಅಂಜಿನಮ್ಮನ ಹೊಗೆಯ ಮಾತೆತ್ತಿದರು. ಕೆಳಗೆ ಡೀಸೆಲ್ ಜನರೇಟರ್ ಗುಡುಗುತ್ತಿದ್ದಾಗಲೇ ನಿರ್ಣಯವಾಯಿತು. ಆಕೆಗೆ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಕೊಡಿಸುವುದು, ಸೆಕ್ಯೂರಿಟಿ ಕೋಣೆಯಿಂದ ಒಂದು ವೈರು ಎಳೆಯುವುದು. ಇನ್ನು ಮುಂದೆ ಇದ್ದಿಲು ಹಚ್ಚುವುದಿಲ್ಲ ಎಂದು ಆಕೆ ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲವಾದರೆ ಗಾಡಿ ಎತ್ತಬೇಕು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ನಾಚಿಕೆ ಆಮೇಲೆ ಬಂತು.

ಹೊಸ ಪೆಟ್ಟಿಗೆ ಬಂದ ಮೇಲೆ ಅಂಜಿನಮ್ಮ ಭಯಕ್ಕೆ ಇದ್ದಿಲು ಮುಟ್ಟಲಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೇ ಕರೆಂಟು ಹೋಯಿತು. ಜನರೇಟರ್ ಇದ್ದದ್ದು ಲಿಫ್ಟಿಗೆ, ಮೆಟ್ಟಿಲ ದೀಪಕ್ಕೆ ಮಾತ್ರ. ಬಟ್ಟೆಯ ಗಂಟುಗಳು ಗಾಡಿ ತುಂಬ ಬಿದ್ದಿದ್ದವು, ನನ್ನದೂ ಸೇರಿ.

ಅಷ್ಟರಲ್ಲಿ ವೀರಣ್ಣ ಬಂದರು. ಒಂದು ಕೈಯಲ್ಲಿ ಮುಚ್ಚಳಿಕೆ, ಇನ್ನೊಂದರಲ್ಲಿ ಮುದುಡಿದ ಬಿಳಿ ಅಂಗಿ. ಹತ್ತು ಗಂಟೆಗೆ ಇಂದಿರಾನಗರದಲ್ಲಿ ಇಂಧನ ಭದ್ರತೆಯ ಬಗ್ಗೆ ಅವರ ಭಾಷಣವಿತ್ತು.

“ಮೊದಲು ಇದಕ್ಕೆ ಸಹಿ ಮಾಡ್ರಿ ಅಂಜಿನಮ್ಮ. ಆಮೇಲೆ ಅಂಗಿ.”

ಆಕೆ ಹೊಸ ಪೆಟ್ಟಿಗೆಯ ತಣ್ಣನೆಯ ತಳಕ್ಕೆ ಅಂಗೈ ಒತ್ತಿ ತೋರಿಸಿದಳು. “ಹಾಕ್ತೀನಿ ಸಾರ್. ಗಾಡಿ ಹೋದ್ರೆ ನನ್ ಹೊಟ್ಟೆಪಾಡೇ ಹೋಗುತ್ತೆ, ಹಾಕ್ದೆ ಏನ್ ಮಾಡ್ಲಿ? ಆದ್ರೆ ಕರೆಂಟು ಹೋಗಲ್ಲ ಅಂತ ಬರೆದು ಕೆಳಗೆ ನೀವೂ ಒಂದು ಸೈನ್ ಹಾಕ್ಬಿಡಿ.”

ವೀರಣ್ಣ ಪೆನ್ನಿನ ಮುಚ್ಚಳ ತೆಗೆದರು. ಕಾಗದ ನೋಡಿದರು, ಸೆಕ್ಯೂರಿಟಿ ಕೋಣೆಯಿಂದ ಬಂದ ವೈರು ನೋಡಿದರು. ಏನೇ ಅನ್ನಿ, ಸುಳ್ಳಿಗೆ ಸಹಿ ಹಾಕುವ ಮನುಷ್ಯನಲ್ಲ. ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

“ಇದ್ದಿಲಾದ್ರ ಎಷ್ಟೊತ್ತು?”

“ಅರ್ಧ ಗಂಟೆ ಸಾರ್. ಯಾರಾದ್ರೂ ಬೀಸಿದ್ರೆ ಬೇಗ ಆಗುತ್ತೆ.”

ಆಕೆ ಹಳೆಯ ಪೆಟ್ಟಿಗೆಗೆ ಇದ್ದಿಲು ತುಂಬಿ ಕಡ್ಡಿ ಗೀರಿದಳು. ಹೊಗೆ ಎದ್ದಿತು. ವೀರಣ್ಣ ಗಡಿಯಾರ ನೋಡಿಕೊಂಡು, ಮುಚ್ಚಳಿಕೆಯನ್ನು ನಾಲ್ಕಾಗಿ ಮಡಚಿ, ಬೀಸತೊಡಗಿದರು.

“ಇನ್ನೂ ಸ್ವಲ್ಪ ಜೋರಾಗಿ ಸಾರ್,” ಎಂದಳು ಅಂಜಿನಮ್ಮ.