ತೊಡೆ ಬೇಡ ಎಂದ ಅಜ್ಜಿ

ಪುಟ್ಟ ಮಗುವಿನ ಕುಂಡಿಗೆ ಹಾಕಿದ ಸೂಜಿ ನರಕ್ಕೆ ತಗುಲಿದರೆ ಕಾಲೇ ಬಿದ್ದುಹೋಗಬಹುದು. ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಸಾದಲಿ ಕಡೆಯ ಅಕ್ಕಯ್ಯಮ್ಮನಿಗೆ ಗೊತ್ತಿರಲಿಲ್ಲ. ಕಾಂಪೌಂಡರ್ ಮೋಹನ್‌ಬಾಬುವಿಗೆ ಗೊತ್ತಿತ್ತು.

ಅಕ್ಕಯ್ಯಮ್ಮ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಸಾಕಿದವಳು. ಮಗಳು ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಮೊಮ್ಮಗಳು ಪದ್ಮಶ್ರೀಯನ್ನೂ ಹುಳುಮನೆಯಲ್ಲೇ ಸಾಕಿದಳು. ಎರಡು ವರ್ಷ ತುಂಬುವ ಹೊತ್ತಿಗೆ ಮಗುವನ್ನು ಹಿಡಿಯುವವರಿರಲಿಲ್ಲ, ಅಷ್ಟು ಓಟ.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಸಮಯಕ್ಕೆ ಮಗುವಿಗೆ ಜ್ವರ. ಶಿಡ್ಲಘಟ್ಟದ ಕ್ಲಿನಿಕ್ಕಿನಲ್ಲಿ ಡಾಕ್ಟರಿರಲಿಲ್ಲ. ಸಿರಪ್ ಸಾಕು ಎಂದ ಮೋಹನ್‌ಬಾಬು.

"ಸೂಜಿ ಹಾಕ್ದೆ ಕಳಿಸ್ತೀಯೇನಪ್ಪ? ಸಿರಪ್ ಕೊಡೋಕೆ ನಮ್ಮೂರ ಅಂಗಡಿ ವೆಂಕಟರಾಯಪ್ಪ ಸಾಲ್ದಾ?"

ಅವನು ನಗುತ್ತಾ ಸೂಜಿಗೆ ಔಷಧಿ ತುಂಬಿದ. "ತೊಡೆಗೆ ಹಾಕ್ತೀನಿ ಕಣಮ್ಮ. ಇಷ್ಟು ಚಿಕ್ಕ ಮಕ್ಳಿಗೆ ಅಲ್ಲೇ ಹಾಕ್ಬೇಕು."

"ಅಯ್ಯೋ, ತೊಡೆ ಬ್ಯಾಡಪ್ಪೋ! ನಾಳೆ ಹುಳ ಬಿಡ್ಬೇಕು. ಕಾಲು ನೋವು ಅಂತ ಇವ್ಳು ಕೂತ್ರೆ ಯಾರು ಎತ್ಕೊಂಡು ತಿರುಗೋರು? ಹಿಂದಕ್ಕೇ ಹಾಕು, ನಮ್ಮಪ್ಪ."

"ಆಯ್ತು ಬಿಡಮ್ಮ, ನಿನ್ನಿಷ್ಟ."

ಮಗುವನ್ನು ಮಡಿಲಲ್ಲಿ ಬೋರಲು ಮಲಗಿಸಿ ಅಜ್ಜಿಯೇ ಗಟ್ಟಿಯಾಗಿ ಹಿಡಿದಳು. ಕುಂಡಿ ಎಂದರೆ ಅದೆಷ್ಟಿತ್ತು, ಒಂದು ಹಿಡಿ. ಮಗು ಒದ್ದಾಡಿತು. ಸೂಜಿ ಬಲಗುಂಡಿಯ ನಟ್ಟನಡುವೆ ಇಳಿಯಿತು.

ಮರುದಿನ ಪದ್ಮಶ್ರೀ ಎದ್ದು ನಿಂತಳು, ಬಿದ್ದಳು. ಬಲಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಊರವರು ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಿದ್ದೂ ಆಯಿತು. ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ ನಿಟ್ಟುಸಿರಿಟ್ಟರು. "ತೊಡೆಗೆ ಹಾಕಿದ್ರೆ ಒಂದಿನ ನೋವಿರ್ತಿತ್ತಮ್ಮ, ಅಷ್ಟೇ. ಹಿಂದಕ್ಕೆ ಹಾಕು ಅಂದಿದ್ದು ಯಾರು?"

"ನಾನೇ ತಾಯಿ," ಎಂದಳು ಅಕ್ಕಯ್ಯಮ್ಮ.

ವರ್ಷವಾಯಿತು. ಪಾದ ಮೇಲೆದ್ದಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ನೀವಿ, "ಒಂದ್ಸಲ ಎತ್ತು ನಮ್ಮವ್ವ, ಒಂದೇ ಒಂದ್ಸಲ" ಎಂದು ಅಜ್ಜಿ ಅಂಗಲಾಚುತ್ತಾಳೆ. ಅಜ್ಜಿಗೆ ಖುಷಿಯಾಗಲೆಂದು ಮಗು ನಗುತ್ತಾ ಎಡಗಾಲು ಎತ್ತುತ್ತದೆ.

ಅಕ್ಕಯ್ಯಮ್ಮನನ್ನು ಬೈಯಬೇಡಿ. ಅವಳು ತಿಳಿಯದೆ ಕೇಳಿದಳು, ಅವನು ತಿಳಿದೂ ಮಣಿದ. ಗಿರಾಕಿಗೆ ಬೇಸರವಾಗದಿದ್ದರೆ ಸಾಕಿತ್ತು ಅವನಿಗೆ. ಸೂಜಿ ಬೇಕೇ ಬೇಕು ಎಂದು ಕ್ಲಿನಿಕ್ಕಿನ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವ ನೀವು ಇನ್ನಾದರೂ ಬಾಯಿಬಿಟ್ಟು ಕೇಳಿ: ಈ ಸೂಜಿ ಬೇಕೇ? ಎಲ್ಲಿಗೆ? ಅಲ್ಲಿಗೇ ಯಾಕೆ? ಸರಿಯಾದ ಉತ್ತರ ಬರುವ ತನಕ ಮಗುವಿನ ಚಡ್ಡಿ ಬಿಚ್ಚಬೇಡಿ.