ಅರೆಮುಖದವಳ ಎಡಗೆನ್ನೆ

ನಮ್ಮ ಬೀದಿಗೆ ಮುಖ ಉಜ್ಜುವ ಅಂಗಡಿ ಬಂದಾಗ ಅದರ ಕೆಲಸದ ಹೆಸರು ಸರಿಯಾಗಿ ಹೇಳಲು ಬರುತ್ತಿದ್ದದ್ದು ಅದರ ಒಡತಿಗೆ ಮಾತ್ರ: ಮೈಕ್ರೋಡರ್ಮಾಬ್ರೇಷನ್. ಉಳಿದವರೆಲ್ಲ ‘ಉಜ್ಜಿಸಿಕೊಂಡು ಬರ್ತೀನಿ’ ಎಂದೇ ಹೊರಡುತ್ತಿದ್ದರು. ತುದಿಗೆ ವಜ್ರದ ಪುಡಿ ಅಂಟಿಸಿದ ಒಂದು ಕಡ್ಡಿ, ಅದಕ್ಕೆ ಗಾಳಿ ಎಳೆಯುವ ಯಂತ್ರ. ಕೆನ್ನೆಯ ಮೇಲೆ ಆಡಿಸಿದರೆ ಸತ್ತ ಚರ್ಮ ಪುಡಿಯಾಗಿ ಕೊಳವೆಯೊಳಗೆ ಹೋಗುತ್ತದೆ. ನನ್ನ ಹೊಲಿಗೆ ಅಂಗಡಿಗೂ ಅದಕ್ಕೂ ನಡುವೆ ಇರುವುದು ಪ್ಲೈವುಡ್ ಹಲಗೆ. ಆ ಕಡೆ ಯಾರು ನಿಟ್ಟುಸಿರು ಬಿಟ್ಟರೂ ಈ ಕಡೆ ನನಗೆ ಕೇಳುತ್ತದೆ. ಕೇಳದಿದ್ದರೆ ಹೊಲಿಗೆ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ.

ಅಲ್ಲಿಗೆ ಸಹಾಯಕಿಯಾಗಿ ಬಂದ ಹುಡುಗಿಗೆ ಕೆಲಸ ಸಿಕ್ಕಿದ್ದು ಕೈಗುಣದಿಂದಲ್ಲ, ಕೆನ್ನೆಯಿಂದ. ಮೊಡವೆ ಒಣಗಿ ಉಳಿದ ಕಪ್ಪು ಕಲೆಗಳು ಎರಡೂ ಕಡೆ ತುಂಬಿದ್ದವು. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಅವಳ ತಾಯಿಯೇ ಕರೆತಂದಿದ್ದಳು. ಒಡತಿ, ಎಂದರೆ ಎಲ್ಲರ ಬಾಯಲ್ಲಿ ಮೇಡಂ, ಬದನೆಕಾಯಿ ಆರಿಸುವಂತೆ ಆ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ ಒಪ್ಪಿಕೊಂಡಳು. ಆಮೇಲೆ ವಾರವಾರವೂ ಬಲಗೆನ್ನೆಯನ್ನು ಉಜ್ಜಿ ಉಜ್ಜಿ ತಿಳಿ ಮಾಡಿದಳು. ಎಡಗೆನ್ನೆಯನ್ನು ಮುಟ್ಟಲಿಲ್ಲ. ಗಿರಾಕಿ ಯಾರಾದರೂ ಹಿಂದೆಮುಂದೆ ನೋಡಿದರೆ ಈ ಹುಡುಗಿಯನ್ನು ಕರೆದು ದೀಪದ ಕೆಳಗೆ ನಿಲ್ಲಿಸುವುದು. ಎಡಗಡೆ ತೋರಿಸಿ ಮೊದಲು ಹೀಗಿತ್ತು, ಬಲಗಡೆ ತೋರಿಸಿ ಈಗ ಹೀಗಾಗಿದೆ ಎನ್ನುವುದು. ಗಿರಾಕಿ ತೆಪ್ಪಗೆ ಹೋಗಿ ಮಂಚದ ಮೇಲೆ ಮಲಗುತ್ತಿದ್ದಳು.

ಬೀದಿಯವರು ಅವಳನ್ನು ಅರೆಮುಖದವಳು ಎಂದು ಕರೆದರು. ಫೋಟೊ ಸ್ಟುಡಿಯೊದವನು ಅವಳು ಒಬ್ಬಳೇ ಬರುತ್ತಿದ್ದರೂ ‘ಏನು, ಇಬ್ರೂ ಒಟ್ಟಿಗೇ ಹೊರಟ್ರಾ’ ಎಂದು ಕೇಳುತ್ತಿದ್ದ. ನಾನೂ ನಕ್ಕಿದ್ದೇನೆ. ನಗು ಬರುವಂತೆಯೇ ಇತ್ತು.

ಅವಳು ಕೆಲಸ ಕಲಿತಳು. ಮೇಡಂ ಕೈಗಿಂತ ಅವಳ ಕೈ ಹಗುರ ಎಂದು ಗಿರಾಕಿಗಳೇ ಹೇಳತೊಡಗಿದರು. ಊರವರ ಮುಖವನ್ನೆಲ್ಲ ಬೆಳಗುತ್ತಿದ್ದವಳಿಗೆ ಇದ್ದದ್ದು ಒಂದೇ ಆಸೆ, ತನ್ನ ಎಡಗೆನ್ನೆಯೂ ಹಾಗಾಗಬೇಕು. ಕೇಳಿದಾಗಲೆಲ್ಲ ಮೇಡಂ ನೋಡೋಣ ಎಂದು ಸಾಗಹಾಕುತ್ತಿದ್ದಳು. ಒಮ್ಮೆ ಅವಳು ಪಟ್ಟು ಹಿಡಿದು ಕೇಳಿದಾಗ ನೇರವಾಗಿಯೇ ಹೇಳಿದಳು.

“ಅದೂ ಚೆನ್ನಾಗಾದ್ರೆ ನಿನ್ನನ್ನ ಇಟ್ಕೊಂಡು ನಾನೇನು ತೋರಿಸ್ಲಿ?”

ತಾಯಿಯ ಹತ್ತಿರ ಅತ್ತರೆ ಅಲ್ಲಿಯೂ ಅಷ್ಟೇ. ಒಂದು ಕೆನ್ನೆಯಾದರೂ ಆಯಿತಲ್ಲ, ನಿನ್ನ ತಂಗಿಗೆ ಅದೂ ಇಲ್ಲ ಎಂದು ಬಾಯಿ ಮುಚ್ಚಿಸಿದಳು.

ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ, ಗಿರಾಕಿಯೇ ಇಲ್ಲದ ಹೊತ್ತಿನಲ್ಲಿ, ಹಲಗೆಯಾಚೆ ಯಂತ್ರ ಗುಂಯ್‌ಗುಡತೊಡಗಿತು. ನನಗೆ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ಒಳ್ಳೆಯತನದಿಂದಲ್ಲ, ಮುಂದೇನಾಗುತ್ತದೋ ನೋಡುವ ಚಪಲದಿಂದ. ಅವಳು ಆತುರಪಡಲಿಲ್ಲ. ಚರ್ಮ ಕೆಂಪಾದರೆ ಸಿಕ್ಕಿಬೀಳುತ್ತೇನೆಂದು ಹಗುರವಾಗಿ ಉಜ್ಜಿ, ಮತ್ತೆ ಕೆಲವು ವಾರ ಬಿಡುತ್ತಿದ್ದಳು. ದಿನಾ ಕಣ್ಣೆದುರಿಗಿದ್ದ ಮುಖ ಬದಲಾಗುತ್ತಿರುವುದು ಮೇಡಂ ಕಣ್ಣಿಗೆ ಬೀಳಲೇ ಇಲ್ಲ. ಒಂದು ದಿನ ಅವಳು ಜಿಪ್ ಹಾಕಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಮುಖ ಮುಂದೆ ಚಾಚಿ, ಅಕ್ಕಾ, ಎರಡೂ ಒಂದೇ ಥರ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನನಗೂ ನಿಜಕ್ಕೂ ಸಂತೋಷವಾಗಿತ್ತು.

ಆ ವಾರವೇ ಹೊಸ ಗಿರಾಕಿಯೊಬ್ಬಳು ಬಂದಳು. ಮೇಡಂ ಅಭ್ಯಾಸಬಲದಿಂದ ಅರೆಮುಖದವಳನ್ನು ದೀಪದ ಕೆಳಗೆ ನಿಲ್ಲಿಸಿ ತನ್ನ ಪಾಠ ಒಪ್ಪಿಸಿದಳು. ಗಿರಾಕಿ ಎಡಕ್ಕೂ ಬಲಕ್ಕೂ ನೋಡಿ, ಎರಡು ಕಡೆಯೂ ಚೆನ್ನಾಗಿಯೇ ಇದೆಯಲ್ಲ ಎಂದಳು. ಗಿರಾಕಿ ಇನ್ನೊಮ್ಮೆ ಬರುತ್ತೇನೆಂದು ಜಾಗ ಖಾಲಿ ಮಾಡಿದಳು.

ಮೇಡಂ ಕೂಗಾಡಲಿಲ್ಲ. ಅಂಥ ಕೈ ಬೇರೆಲ್ಲಿ ಸಿಗುತ್ತದೆ? ತಾಯಿಯನ್ನು ಕರೆಸಿದಳು. ನಷ್ಟ ಹೇಗೆ ತುಂಬಿಕೊಡುತ್ತೀಯ ಎಂದು ಮೆಲ್ಲಗೆ ಕೇಳಿದಳು. ತಾಯಿ ಪೊರಕೆಯನ್ನು ಅಲ್ಲೇ ಗೋಡೆಗೆ ಒರಗಿಸಿ ಮನೆಗೆ ಓಡಿ, ಶಾಲೆ ಮುಗಿಸಿ ಕೂತಿದ್ದ ಕಿರಿಯವಳನ್ನು ಎಳೆದುಕೊಂಡು ಬಂದಳು.

“ನೋಡಿ ಮೇಡಂ, ಇವಳಿಗೆ ಹಣೆ ಮೇಲೂ ಇದೆ.”

ಹಾಗೆ ಹೇಳುವಾಗ ಆ ತಾಯಿಯ ದನಿಯಲ್ಲಿ ಇದ್ದದ್ದು ಹೆಮ್ಮೆ. ನನಗೆ ಮೈಯೆಲ್ಲ ಉರಿಯಿತು. ಮೇಡಂ ಒಪ್ಪಿದಳು, ದೊಡ್ಡವಳು ಕೆಲಸದಲ್ಲಿ ಉಳಿಯಬೇಕಾದರೆ ತಂಗಿಯ ಮುಖದ ಬಲಭಾಗವನ್ನು ಅವಳೇ ಉಜ್ಜಬೇಕೆಂದಳು. ಅವಳು ಅಳುತ್ತಾಳೆ, ಜಗಳವಾಡುತ್ತಾಳೆ ಎಂದು ನಾನು ಹೊಲಿಗೆ ನಿಲ್ಲಿಸಿ ಕಾದೆ. ಯಂತ್ರ ಶುರುವಾಯಿತು, ಮುಗಿಯಿತು. ಕನ್ನಡಿ ಹಿಡಿದ ತಂಗಿಯ ನಗು ಕೇಳಿಸಿತು. ಅಕ್ಕಾ, ಇನ್ನು ಈ ಕಡೆ ಎಂದು ಅವಳು ಹಿಗ್ಗಿನಿಂದ ಕೇಳಿದಳು.

“ಅದನ್ನ ಮುಟ್ಟೋ ಹಾಗಿಲ್ಲ, ನಿಂಗೆ ಕೆಲಸ ಸಿಕ್ಕಿರೋದೇ ಅದರಿಂದ,” ಎಂದಳು ಅಕ್ಕ. “ಹೊರಗೆ ಹೋಗೋವಾಗ ಈ ಕ್ರೀಮು ಬಲಗಡೆಗೆ ಮಾತ್ರ ಹಚ್ಕೋ. ಎಡಗಡೆ ಬಿಸಿಲಿಗೆ ಕಪ್ಪಾದಷ್ಟೂ ಒಳ್ಳೇದು.”