ಬದುಕಿದ್ದವರ ಚಿತ್ರಕ್ಕೊಂದು ಮೊಳೆ

ನನಗೆ ಜನರ ಮುಖ ನೋಡುತ್ತ ಮಾತಾಡಲು ಬರುವುದಿಲ್ಲ. ಎದುರಿಗಿರುವವರ ಕಿವಿಯ ಹತ್ತಿರವೋ ಹೆಗಲಿನ ಹತ್ತಿರವೋ ಕಣ್ಣು ನೆಟ್ಟು ಮಾತು ಮುಗಿಸಿಬಿಡುತ್ತೇನೆ. ಆದರೆ ಕೈಯಲ್ಲಿ ಪೆನ್ಸಿಲ್ ಇದ್ದರೆ ಯಾರ ಮುಖವನ್ನಾದರೂ ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಬರಿಗೈಯಲ್ಲಿ ದಿಟ್ಟಿಸಿದರೆ ಅಸಭ್ಯತೆ ಎನ್ನುವ ಜನ ಪೆನ್ಸಿಲ್ ಹಿಡಿದು ದಿಟ್ಟಿಸಿದರೆ ತಾವೇ ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ಈ ಒಂದು ಸೌಕರ್ಯಕ್ಕಾಗಿಯೇ ನಾನು ಚಿತ್ರ ಬರೆಯುವುದನ್ನು ಕಲಿತೆನೋ ಏನೋ.

ಹಾಗೆ ಕಲಿತದ್ದು ಮದುವೆಗಳಲ್ಲಿ ಉಪಯೋಗಕ್ಕೆ ಬಂತು. ಆಗೆಲ್ಲ ನಮ್ಮ ಕಡೆ ಮದುವೆಯ ಉಡುಗೊರೆ ಎಂದರೆ ಗೋಡೆ ಗಡಿಯಾರ, ಲೆಮನ್ ಸೆಟ್, ಇಲ್ಲವೇ ಹಾಟ್ ಬಾಕ್ಸ್. ಒಂದೇ ಮನೆಗೆ ಏಳೆಂಟು ಗಡಿಯಾರ ಬಂದು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತ ಕಪಾಟಿನಲ್ಲಿ ಮಲಗುತ್ತಿದ್ದವು. ನಾನು ಮಾತ್ರ ಹುಡುಗ ಹುಡುಗಿಯ ಮುಖ ಬರೆದು ಕೊಡುತ್ತಿದ್ದೆ. ವೇದಿಕೆ ಹತ್ತಿ ಹಾರೈಸುವ ಕಷ್ಟ ತಪ್ಪುತ್ತಿತ್ತು. ಕೂಡ್ಲಿಗಿಯ ಗೆಳತಿಯೊಬ್ಬಳ ಗಂಡ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮೀಸಿ ಸ್ವಲ್ಪ ದಪ್ಪ ಮಾಡ್ರಿ, ಮುಂದ ಬರೋದೈತಿ” ಎಂದಿದ್ದ. ಹಗರಿಬೊಮ್ಮನಹಳ್ಳಿಯ ಇನ್ನೊಬ್ಬ ಗೆಳತಿ ತನ್ನಲ್ಲಿಲ್ಲದ ಜುಮುಕಿಯನ್ನು ಕಿವಿಗೆ ಬರೆಸಿಕೊಂಡಳು. “ನಾ ಕೇಳಿದ್ದು ಮನ್ಯಾಗ ಕೊಡಿಸಲಿಲ್ಲ. ನೀನರ ಕೊಡಸು” ಎಂದಳು. ಅವಳ ಕಿವಿಗೆ ಆ ಜುಮುಕಿ ಎಷ್ಟು ಒಪ್ಪಿತೆಂದರೆ, ಆಮೇಲೆ ಅವಳ ಬರಿಗಿವಿ ನೋಡಿದಾಗಲೆಲ್ಲ ಏನೋ ಕಳೆದುಹೋಗಿದೆ ಎನ್ನಿಸುತ್ತಿತ್ತು.

ಹೀಗೆ ಹೇಳಬೇಕಾದ್ದನ್ನೆಲ್ಲ ಪೆನ್ಸಿಲ್ಲಿನಲ್ಲೇ ಹೇಳಿ ಮುಗಿಸಬಹುದೆಂಬ ಧೈರ್ಯ ಬಂದಿತ್ತು. ಆ ಧೈರ್ಯದಲ್ಲೇ ದೊಡ್ಡವ್ವನ ಚಿತ್ರಕ್ಕೆ ಕೈ ಹಾಕಿದೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಹಡಗಲಿಯಲ್ಲಿ ಮಗ ಸೊಸೆಯೊಂದಿಗೆ ಇರುವವಳು. ಪಿಯುಸಿಯ ಎರಡು ವರ್ಷ ನಾನು ಅವಳ ಮನೆಯಲ್ಲೇ ಇದ್ದು ಓದಿದೆ. ನಸುಕಿನಲ್ಲಿ ಓದಲು ಎದ್ದರೆ, ಒಬ್ಬಳೇ ಕೂತು ನನಗೆ ಹೆದರಿಕೆಯಾಗಬಾರದೆಂದು ಅವಳೂ ಎದ್ದು, ಮಲ್ಲಿಗೆ ಮೊಗ್ಗು ಮುಂದಿಟ್ಟುಕೊಂಡು ಎದುರಿಗೆ ಕೂರುತ್ತಿದ್ದಳು. ಮಾತಿಲ್ಲ. ಬೆಳಕು ಹರಿಯುವ ಹೊತ್ತಿಗೆ ನನಗೊಂದು ಪಾಠ ಮುಗಿಯುತ್ತಿತ್ತು, ಅವಳಿಗೊಂದು ಮಾಲೆ. ಇದಕ್ಕೆಲ್ಲ ಕೃತಜ್ಞತೆ ಹೇಳುವುದು ಹೇಗೆ? “ಧನ್ಯವಾದ” ಎಂದರೆ ಶಾಲೆಯ ವಾರ್ಷಿಕೋತ್ಸವ ಮುಗಿಯಿತೆಂದುಕೊಂಡು ದೊಡ್ಡವ್ವ ಚಪ್ಪಾಳೆ ತಟ್ಟಿಯಾಳು. ಮುಂದೆ ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೊಟ್ಟೂರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಮೇಲೂ ಆ ಮಾತು ಗಂಟಲಲ್ಲೇ ಇತ್ತು. ಹಡಗಲಿಗೆ ಹೋದಾಗಲೆಲ್ಲ ಅವಳು ಅಡುಗೆಮನೆಯ ಕಿಟಕಿಯ ಕೆಳಗೆ ಹೂ ಕಟ್ಟುವುದನ್ನು ಕದ್ದು ಕದ್ದು ಗೀಚಿಕೊಂಡು ಬಂದು, ಒಂದು ಅಡ್ಡ ಹಾಳೆಯ ಬಲಭಾಗದಲ್ಲಿ ಅವಳ ಮುಖ ಬರೆದೆ. ಎಡಭಾಗವನ್ನು ಖಾಲಿ ಬಿಟ್ಟೆ. ಆ ಖಾಲಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ದೊಡ್ಡ ಕಲಾವಿದರು ಏನನ್ನು ಬಿಡಬೇಕೆಂದು ಬಲ್ಲವರು ಎಂದು ಎಲ್ಲೋ ಓದಿದ್ದೆ.

ಕೊಟ್ಟೂರಿನ ಬಜಾರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನ ಅಂಗಡಿಗೆ ಒಯ್ದೆ. ಜೋರಾಗಿ ಮಾತಾಡುತ್ತಿದ್ದ ಆತ ಚಿತ್ರ ನೋಡಿದ್ದೇ ದನಿ ತಗ್ಗಿಸಿದ. ಗಾಜನ್ನು ಮತ್ತೆ ಮತ್ತೆ ಒರೆಸಿದ. “ಕೆಳಗ ಇಷ್ಟು ಬಿಳೀ ಪಟ್ಟಿ ಬಿಡ್ಲ್ಯಾ ಅಕ್ಕಾರ? ಹೆಸರು, ತಾರೀಖು ಬರಸೋದಿರ್ತೈತಲ್ರಿ” ಎಂದ. ಕಲಾವಿದೆಯ ಸಹಿಗೆ ಜಾಗ ಬಿಡುವಷ್ಟು ತಿಳಿವಳಿಕೆ ಇವನಿಗಿದೆಯಲ್ಲ ಎಂದು ನನಗೆ ಸಂತೋಷವಾಯಿತು. ಬಿಡಿ ಎಂದೆ. ಹೊರಡುವಾಗ, “ಸಣ್ಣ ಬಲ್ಬ್ ಬೇಕಾದ್ರ ಆಮ್ಯಾಲೂ ಹಾಕಬೌದ್ರಿ” ಎಂದು ಮೆಲ್ಲಗೆ ಸೇರಿಸಿದ. ಚಿತ್ರಶಾಲೆಗಳಲ್ಲಿ ಚಿತ್ರದ ಮೇಲೆ ದೀಪ ಹಾಕಿರುತ್ತಾರೆ, ಅದೂ ಇವನಿಗೆ ಗೊತ್ತು ಎಂದುಕೊಂಡೆ. ನಮ್ಮ ಊರುಗಳಲ್ಲಿ ಕಲೆಗೆ ಗೌರವವಿಲ್ಲ ಎನ್ನುವವರ ಮೇಲೆ ಬಸ್ಸಿನುದ್ದಕ್ಕೂ ಸಿಟ್ಟು ಬಂತು.

ಹಡಗಲಿಯಲ್ಲಿ ಕಾಗದ ಬಿಚ್ಚಿದಾಗ ದೊಡ್ಡವ್ವ ಮೊಗ್ಗಿನ ಬುಟ್ಟಿ ಹಿಡಿದೇ ಬಗ್ಗಿ ನೋಡಿದಳು. ಸೊಸೆ ಗಿರಿಜಕ್ಕ, “ಭಾಳ ಚೊಲೋ ಬಂದೈತಿ ಬಿಡು” ಎಂದವಳೇ ಚಹಾದ ನೆಪದಲ್ಲಿ ಒಳಗೆ ಹೋದಳು. ಪಡಸಾಲೆಯ ಗೋಡೆಯಲ್ಲಿ ಖಾಲಿ ಇದ್ದದ್ದು ಒಂದೇ ಮೊಳೆ, ಅದೂ ತೀರಿಕೊಂಡ ದೊಡ್ಡಪ್ಪನ ಫೋಟೋದ ಪಕ್ಕದ್ದು. ಅದಕ್ಕೆ ಹಾಕಲೇ ಎಂದು ನಾನು ಕೇಳಿದರೆ ದೊಡ್ಡವ್ವ ಬುಟ್ಟಿಯೊಳಗಿನ ಮೊಗ್ಗು ಕೆದಕತೊಡಗಿದಳು. ಸದ್ಯಕ್ಕೆ ಇರಲೆಂದು ಚಿತ್ರವನ್ನು ಬಾಗಿಲಿಗೆದುರಾಗಿ ಕುರ್ಚಿಯ ಮೇಲೆ ನಿಲ್ಲಿಸಿದೆ. ದೊಡ್ಡವ್ವ ಕೈಯಲ್ಲಿದ್ದ ಮೊಗ್ಗಿನ ಬುಟ್ಟಿಯನ್ನು ಅದರ ಮುಂದೆ ಇಟ್ಟು ಹಿತ್ತಲಿಗೆ ಹೋದಳು.

ಅಷ್ಟರಲ್ಲಿ ಪಕ್ಕದ ಓಣಿಯ ಸಂಗಮ್ಮ ಬಂದಳು. ಬಾಗಿಲಲ್ಲೇ ನಿಂತು ಚಿತ್ರ ನೋಡಿದಳು, ಹೂವು ನೋಡಿದಳು, ಚಪ್ಪಲಿ ಬಿಟ್ಟು ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಯಾವಾಗ ಆತವ್ವ ಇದು? ನಿನ್ನಿ ಸಂತ್ಯಾಗ ಸವತಿಕಾಯಿಗೆ ಜಗಳ ಮಾಡಾಕತ್ತಿದ್ಲಲ್ಲ.”

“ಮುಂದಿನ ಸಂತ್ಯಾಗೂ ಮಾಡಾಕಿ ನಾನು,” ಎಂದಳು ಹಿತ್ತಲ ಬಾಗಿಲಿನಿಂದ ದೊಡ್ಡವ್ವ. “ಸೆರಗು ಕೆಳಗ ಬಿಡು, ಚಹಾ ಕುಡಿ.”

ಸಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಸಿದು ಕೂತಳು. ಉಸಿರು ಮರಳಿದ ಮೇಲೆ ನನ್ನ ಕಡೆ ತಿರುಗಿ, “ತಂಗಿ, ನೀ ಓದಿದಾಕಿ. ಒಬ್ಬಾಕಿನ ಮುಖಕ್ಕ ಕಟ್ಟು ಹಾಕಿಸಿ, ಹೂವಿಟ್ಟು ಕುರ್ಚಿ ಮ್ಯಾಲ ನಿಂದ್ರಿಸಿದ್ರ ನಾವು ಏನ್ ತಿಳಕೋಬೇಕು?” ಎಂದಳು.

ಆಗ ನನಗೆ ಬಜಾರದವನ ತಗ್ಗಿದ ದನಿ ಅರ್ಥವಾಯಿತು. ಆ ಬಿಳಿ ಪಟ್ಟಿ ಜನನ ಮರಣದ ತಾರೀಖಿಗೆ. ಆ ಬಲ್ಬು ಹಾರದ ಮೇಲೆ ಉರಿಯುವ ಕೆಂಪು ಬಲ್ಬು.

ಓದಿದವರಿಗೆ ಅವಮಾನವಾದಾಗ ಇತಿಹಾಸ ನೆನಪಾಗುತ್ತದೆ. ನಮ್ಮ ಸೀಮೆಯ ವೀರಗಲ್ಲುಗಳೆಲ್ಲ ನನ್ನ ಕಣ್ಮುಂದೆ ಬಂದು ನಿಂತವು. ಯಾವ ಹಳೆಯ ಗುಡಿಯ ಬಯಲಿಗೆ ಹೋದರೂ ಒಂದೆರಡು ಸಿಗುತ್ತವೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅಂದರೆ ಸಾಮಾನ್ಯ ಮನುಷ್ಯನೊಬ್ಬ ಇಲ್ಲಿ ತನ್ನ ಆಕಾರ ಮೂಡಿಸಿಕೊಳ್ಳಬೇಕಾದರೆ ಮೊದಲು ಸಾಯಬೇಕಿತ್ತು. ಸತ್ತರೂ ಸ್ವಂತ ಮುಖ ಸಿಗುವ ಭರವಸೆಯಿಲ್ಲ. ವೀರರೆಲ್ಲರಿಗೂ ಹೆಚ್ಚುಕಡಿಮೆ ಒಂದೇ ಮೂಗು. ವೀರಗಲ್ಲಿನ ಕಾಲದಿಂದ ನಡೆದುಬಂದ ಈ ರೂಢಿ ಸಂಗಮ್ಮನಿಗೆ ತಿಳಿದಿತ್ತು, ಬಜಾರದವನಿಗೆ ತಿಳಿದಿತ್ತು. ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದ ನನಗೆ ಮಾತ್ರ ತಿಳಿಯಲಿಲ್ಲ.

ತಮಾಷೆ ಅಲ್ಲಿಗೆ ಮುಗಿಯಿತು. ಸಂಗಮ್ಮ ಹೋದಮೇಲೆ ಕುರ್ಚಿಯ ಮುಂದಿನ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಇಷ್ಟು ವರ್ಷ ಹೇಳಲಾಗದ್ದನ್ನು ಹೇಳಲು ಹೋಗಿ, ನಾನು ಹೇಳಿದ್ದೇನು? ನಿನ್ನ ಫೋಟೋ ಸಿದ್ಧವಾಗಿದೆ, ದೊಡ್ಡಪ್ಪನ ಪಕ್ಕದ ಮೊಳೆಯೂ ಖಾಲಿಯಿದೆ ಎಂದು.

“ಕೊಡು ದೊಡ್ಡವ್ವ, ವಾಪಸ್ ಒಯ್ತೀನಿ” ಎಂದೆ, ಅವಳ ಹೆಗಲು ನೋಡುತ್ತ.

“ಕೊಟ್ಟಿದ್ದು ಕೊಟ್ಟಿ, ಈಗೇನು ಒಯ್ಯೋದು?” ಅವಳು ಕುರ್ಚಿಯ ಮುಂದೆ ಕೂತು ಚಿತ್ರವನ್ನು ಬಹಳ ಹೊತ್ತು ನೋಡಿದಳು. “ನಾ ಒಬ್ಬಾಕಿನ ಕುಂತೀನಿ, ಅದಕ್ಕ ಸತ್ತಾಕಿಯಂಗ ಕಾಣಸ್ತೀನಿ. ಇಬ್ಬರಿದ್ರ ಯಾರು ಹಾರ ಹಾಕ್ತಾರ? ಬಾಜೂಕ ಬೇಕಾದಷ್ಟು ಜಾಗ ಬಿಟ್ಟೀದಿ. ಅಲ್ಲಿ ನಿನ್ನ ಬರಕೊ.”

“ನಾ ಬ್ಯಾಡ. ಗಿರಿಜಕ್ಕನ್ನ ಬರೀತೀನಿ.”

“ಅಕಿದು ಮದಿವಿ ಆಲ್ಬಮ್ಮೇ ಐತಿ. ಎರಡು ವರ್ಷ ಈ ಮನ್ಯಾಗ ಉಂಡು ಹೋದಿ, ನಿಂದೊಂದರ ಫೋಟೋ ಐತೇನು ಇಲ್ಲಿ?”

ಇರಲಿಲ್ಲ. ಕ್ಯಾಮೆರಾ ಬಂದಾಗಲೆಲ್ಲ ನಾನು ಯಾವುದೋ ಕೆಲಸ ನೆನಪಾದವಳಂತೆ ಒಳಗೆ ಹೋಗುತ್ತಿದ್ದೆ. ಗಿರಿಜಕ್ಕನ ಇಡೀ ಆಲ್ಬಮ್ಮಿನಲ್ಲಿ ನನ್ನ ಗುರುತು ಎಂದರೆ ಪೆಂಡಾಲಿನ ಕಂಬದ ಹಿಂದಿನ ಅರ್ಧ ಜಡೆ. ಅದನ್ನು ದೊಡ್ಡವ್ವ ಲೆಕ್ಕವಿಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಭಾನುವಾರ. ಕಟ್ಟಿನ ಹಿಂದಿನ ಮೊಳೆ ಕಿತ್ತು ಹಾಳೆ ಹೊರಗೆ ತೆಗೆದೆ. ಗೂಡಿನ ಕನ್ನಡಿಯನ್ನು ಮುಂದಿಟ್ಟುಕೊಂಡು ಮೊದಲು ಬೇರೆ ಕಾಗದದ ಮೇಲೆ ನನ್ನ ಮುಖ ಬರೆದೆ. ಅಳತೆಯೆಲ್ಲ ಸರಿಯಿತ್ತು. ದೊಡ್ಡವ್ವ ಬಗ್ಗಿ ನೋಡಿದಳು.

“ಇಕಿ ಯಾರಬೇ? ಹಾಜರಿ ಕರಿಯೋ ಮೇಡಮ್ಮಾರಂಗ ಅದಾಳ.”

“ನಾನ, ದೊಡ್ಡವ್ವ.”

“ಇಕಿ ನಿಮ್ಮ ಕಾಲೇಜಿನಾಕಿ. ನಮ್ಮ ಮನ್ಯಾಗ ಇದ್ದಾಕಿ ಬ್ಯಾರೆ. ಆ ಕನ್ನಡಿ ತಗದಿಡು, ನಾ ಹೇಳ್ತೀನಿ.”

ಅವಳು ಹೂವಿನ ಬುಟ್ಟಿ ಎಳೆದುಕೊಂಡು ಎದುರಿಗೆ ಕೂತಳು. “ನಗಿ ಬಂದ್ರ ನೀ ನಗಂಗಿಲ್ಲ, ಕೆಳಗಿನ ತುಟಿ ಕಚಗೊಂತೀದಿ. ಆವಾಗ ಎಡಗಣ್ಣು ಸಣ್ಣದಾಕ್ಕತಿ. ಬರಿ ಅದನ್ನ.” ಬರೆದೆ. “ಓದಿದ್ದು ತಿಳೀಲಿಲ್ಲ ಅಂದ್ರ ಕಿವಿ ಹಿಂದಿನ ಕೂದಲು ಜಗ್ಗತಿದ್ದಿ. ಅಲ್ಲೊಂದೆಳಿ ಹೊರಗ ಬಿಡು.” ಬಿಟ್ಟೆ. “ಗದ್ದ ಅಷ್ಟು ಮ್ಯಾಲ ಯಾಕ ಎತ್ತೀದಿ? ಯಾರ ಮುಂದೂ ಹಂಗ ಕುಂತಿದ್ದು ನಾ ನೋಡಿಲ್ಲ.”

ಕನ್ನಡಿ ಎಂದೂ ತೋರಿಸದ ಮುಖವೊಂದು ದೊಡ್ಡವ್ವನ ಹಾಳೆಯ ಎಡಗಡೆಯ ಖಾಲಿಯಲ್ಲಿ ಮೂಡುತ್ತಿತ್ತು. ನಾನು ಓದುತ್ತಿದ್ದ ಆ ನಸುಕುಗಳಲ್ಲಿ ದೊಡ್ಡವ್ವ ಮೊಗ್ಗು ನೋಡುತ್ತಿದ್ದಾಳೆಂದು ತಿಳಿದಿದ್ದೆ. ಹೂ ಕಟ್ಟುವ ಬೆರಳುಗಳಿಗೆ ಕಣ್ಣಿನ ಸಹಾಯ ಬೇಕಿಲ್ಲವೆಂಬುದು ಆಗ ಹೊಳೆಯಲಿಲ್ಲ. ಅವಳು ಹೇಳುತ್ತ ಹೋದಂತೆ ನನಗೆ ತಲೆ ಎತ್ತಲೇಬೇಕಾಯಿತು, ಅವಳ ಮುಖ ನೋಡಲೇಬೇಕಾಯಿತು. ನೋಡಿದೆ. ಅವಳೂ ಕಣ್ಣು ತೆಗೆಯಲಿಲ್ಲ. ಕೊನೆಯವರೆಗೂ ನಾನು ಹೇಳಬೇಕೆಂದಿದ್ದ ಮಾತು ಬಾಯಿಂದ ಬರಲಿಲ್ಲ, ಅವಳೂ ಕೇಳಲಿಲ್ಲ.

ಕೆಳಗಿನ ಬಿಳಿ ಪಟ್ಟಿಯ ತುಂಬ ಮೊಗ್ಗು ಬರೆದು ತಾರೀಖಿಗೆ ಜಾಗವಿಲ್ಲದಂತೆ ಮಾಡಿದೆ. ಗಿರಿಜಕ್ಕ ಬಾಗಿಲ ಮಗ್ಗುಲಲ್ಲಿ ಹೊಸ ಮೊಳೆ ಹೊಡೆದಳು. ಸಂಗಮ್ಮ ಬಂದು, ಸೆರಗು ಮುಟ್ಟದೆಯೇ, “ಈಗ ಜೀವ ಬಂತು ನೋಡು” ಎಂದು ತೀರ್ಪು ಕೊಟ್ಟಳು.

ಚಿತ್ರದಲ್ಲೊಂದು ತಪ್ಪಿದೆ. ದೊಡ್ಡವ್ವನನ್ನು ಬರೆದದ್ದು ಕಿಟಕಿಯ ಬೆಳಕಿನಲ್ಲಿ, ನನ್ನನ್ನು ಬರೆದದ್ದು ಪಡಸಾಲೆಯ ಬಾಗಿಲ ಬೆಳಕಿನಲ್ಲಿ. ನೋಡುವವರಿಗೆ ಅವಳ ಮೇಲೆ ಎಡಗಡೆಯಿಂದ ಬೆಳಕು, ನನ್ನ ಮೇಲೆ ಬಲಗಡೆಯಿಂದ. ನಾವು ಕೂತಿರುವ ರೀತಿಗೆ ಅದು ನಮ್ಮಿಬ್ಬರ ನಡುವಿನಿಂದಲೇ ಬಂದು ಎರಡೂ ಮುಖದ ಮೇಲೆ ಬಿದ್ದಂತೆ ಕಾಣುತ್ತದೆ. ಹೀಗೆ ಬೆಳಕು ಬೀಳಲು ಸಾಧ್ಯವಿಲ್ಲ. ಚಿತ್ರ ಕಲಿತ ಯಾರಾದರೂ ಮೊದಲು ಹಿಡಿಯುವ ತಪ್ಪು ಅದೇ. ಒಂದು ರಬ್ಬರು, ಅರ್ಧ ಗಂಟೆ ಇದ್ದರೆ ತಿದ್ದಬಹುದು. ಹಡಗಲಿಗೆ ಹೋದಾಗಲೆಲ್ಲ ರಬ್ಬರು ಒಯ್ಯುತ್ತೇನೆ, ಅದು ಚೀಲದಲ್ಲೇ ಉಳಿಯುತ್ತದೆ.